ಎದೆಯ ಮೇಲಿಡದ ಮಣಿ

1914 ಫೆಬ್ರವರಿ 2, ಚನ್ನಪಟ್ಟಣ

ಸ್ಕೂಲು ಬಿಟ್ಟು ಬಂದರೆ ಜಗುಲಿಯ ಮೇಲೆ ರುದ್ರಯ್ಯ. ವಿರೂಪಾಕ್ಷಿಪುರದ ಮೇಳದ ಭಾಗವತ. ಶಿವರಾತ್ರಿ ಜಾಗರಣೆಗೆ ಬಯಲಾಟವಂತೆ. ಅರ್ಜುನ, ಎಂದಿನಂತೆ, ಮೇಳದ ಯಜಮಾನ ವೃಷಭೇಂದ್ರಪ್ಪ — ನನ್ನನ್ನು ಹುಟ್ಟಿಸಿದವನು. ಅರ್ಜುನನ ಮಗ ಬಭ್ರುವಾಹನನಾಗುವವನು ಕಾಲು ಮುರಿದುಕೊಂಡಿದ್ದಾನೆ.

"ನಿಮ್ಮಪ್ಪನೇ ಕಳಿಸವ್ನೆ. ನೀವೇ ಬರಬೇಕಂತೆ, ಮೇಷ್ಟ್ರೇ."

"ಇಷ್ಟು ವರ್ಷ ಎಲ್ಲಿ ಸತ್ತಿದ್ನಂತೆ?"

ಅಪ್ಪನಂತೆ ಅಪ್ಪ!

ಎರಡನೆಯವಳನ್ನು ತಂದು ಅವ್ವನನ್ನು ಹೊರಗೆ ಹಾಕಿದ. ಅಪ್ಪ ಬೇಕೆಂದು ಅಳುತ್ತ ಚಾವಡಿಗೆ ಹೋಗಿದ್ದೆ, ಚಿಕ್ಕವನು. ಊರೆಲ್ಲ ಕೂತಿತ್ತು. "ಈ ಹೈದ ನನ್ನೋನಲ್ಲ. ಯಾರೋನು ಅಂತ ಅವಳ್ನೇ ಕೇಳ್ರಿ" ಅಂದ. ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

ಬತ್ತೀನಿ ಅಂದೆ.

ಫೆಬ್ರವರಿ 11

ಅಭ್ಯಾಸ ನಡೆದಿದೆ. ಅವನಿಗೂ ನನಗೂ ಮುಖ ಕೊಟ್ಟು ಮಾತಿಲ್ಲ. ಕಥೆಯಲ್ಲಿ ಮಗ ತಾನು ಕಟ್ಟಿಹಾಕಿದ ಯಾಗದ ಕುದುರೆಯನ್ನು ತಂದೊಪ್ಪಿಸಿ ಕಾಲಿಗೆ ಬೀಳುತ್ತಾನೆ. ಅರ್ಜುನ ಒದೆಯುತ್ತಾನೆ, ತಾಯಿಯ ಶೀಲ ಆಡಿಕೊಳ್ಳುತ್ತಾನೆ. ಅಯ್ಯೋ, ಇದನ್ನು ಅವನು ಕಲಿಯಬೇಕೇ? ಬಾಯಿಪಾಠ!

ಆಮೇಲೆ ಮಗನ ಬಾಣಕ್ಕೆ ಅಪ್ಪ ಸಾಯುತ್ತಾನೆ. ಮಗನೇ ಎದೆಯ ಮೇಲೆ ಸಂಜೀವಮಣಿ ಇಟ್ಟರೆ ಏಳುತ್ತಾನೆ. ಮೇಳದ ಕಟ್ಟಳೆ — ಮಣಿ ಇಡುವವರೆಗೆ ಅರ್ಜುನ ಅಲುಗುವಂತಿಲ್ಲ. ಹಿಂದೆ ಇನ್ಯಾವನೋ ಇರುವೆ ಕಚ್ಚಿತೆಂದು ಎದ್ದದ್ದಕ್ಕೆ ಯಜಮಾನ ಅವನನ್ನು ಮೇಳದಿಂದಲೇ ಓಡಿಸಿದನಂತೆ.

ಸರಿ. ನಾನು ಮಣಿ ಇಡುವುದಿಲ್ಲ. ಬಿದ್ದಿರಲಿ. ಊರೆಲ್ಲ ನಗಲಿ.

ಫೆಬ್ರವರಿ 20

ನಮ್ಮ ಬೀದಿಯ ಆಚಾರಿ ಆಟಕ್ಕೆ ಮರದ ಮಣಿ ಕಡೆದುಕೊಟ್ಟ. ಕೆಂಪು ಅರಗಿನ ಬಣ್ಣ, ಥಳಥಳ. ಅವ್ವನಿಗೆ ತೋರಿಸಿ ನನ್ನ ಲೆಕ್ಕಾಚಾರ ಹೇಳಿದೆ. ಬೈಯಬಹುದು ಅಂದುಕೊಂಡಿದ್ದೆ. ರಾಗಿ ಕೇರುತ್ತಲೇ ಅಂದಳು: "ನಾನೂ ಬತ್ತೀನಿ."

ಫೆಬ್ರವರಿ 24, ಬೆಳಿಗ್ಗೆ

ರಾತ್ರಿ ಆಟದಲ್ಲಿ ಒದ್ದ. ಜೋರಾಗಿಯೇ. ಆಮೇಲೆ ತಾಯಿಯ ಮಾತು ಬರಬೇಕು — ಬರಲಿಲ್ಲ. ಹೆಂಗಸರ ಸಾಲಿನಲ್ಲಿದ್ದ ಅವ್ವನನ್ನೇ ನೋಡುತ್ತ ನಿಂತ. ರುದ್ರಯ್ಯ ಮತ್ತೆ ಮತ್ತೆ ಮಾತು ಎತ್ತಿಕೊಟ್ಟ.

"ಅದ ನಾ ಅನ್ನಕಿಲ್ಲ ಕಣ್ ರುದ್ರಯ್ಯ. ಒಂದ್ ದಪ ಅಂದಿದ್ದೇ ಸಾಕು."

ಕಿರೀಟ ಹೊತ್ತು ಹಟ್ಟಿ ಮಾತು! ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಈಗ ಯಾರಿಗೆ ಬೇಕು ಈ ಒಳ್ಳೆಯತನ?

ಬಾಣ ಬಿಟ್ಟೆ. ಬಿದ್ದ. ಬೆಳಕು ಹರಿಯಿತು. ಬಗ್ಗಿ ಕಿವಿಯಲ್ಲಿ ಹೇಳಿದೆ: "ಬಿದ್ದಿರು ಹಿಂಗೇ."

ಕಣ್ಣು ತೆರೆಯಲಿಲ್ಲ. "ಇಡಬ್ಯಾಡ ಕಣಪ್ಪ. ನಿಮ್ಮವ್ವ ಒಸಿ ಕಣ್ತುಂಬ ನೋಡ್ಲಿ."

ಥೂ! ನನ್ನ ಸೇಡಿಗೂ ಅವನೇ ಯಜಮಾನ! ಮಣಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದೆ. ಅವ್ವನನ್ನು ಗಾಡಿ ಹತ್ತಿಸಿ ಮನೆಗೆ ಬಂದೆ. ಮುಖದ ಬಣ್ಣ ಇನ್ನೂ ತೊಳೆದಿಲ್ಲ.

ಅದೇ ದಿನ, ಮಧ್ಯಾಹ್ನ

ರುದ್ರಯ್ಯ ಏದುಸಿರು ಬಿಡುತ್ತ ಬಂದ. "ಇನ್ನೂ ಎದ್ದಿಲ್ಲ, ಮೇಷ್ಟ್ರೇ! ಸುಡಾ ಬಿಸಿಲು. ನೀರ್ ಕೊಟ್ರೆ ಬಾಯಿ ತೆಗಿಯಾಕಿಲ್ಲ. ನಾನೇ ಒಂದ್ ಗೋಲಿ ಇಟ್ಟೆ, ಕಣ್ಣೂ ಬುಡ್ಲಿಲ್ಲ. ಮಗನೇ ಇಡ್ಬೇಕಂತೆ."

"ಸಾಯ್ಲಿ" ಅಂದೆ. ಕೈ ಮಾತ್ರ ಸೊಂಟದ ಮಣಿಯನ್ನು ತಡವುತ್ತಿತ್ತು.

ಅವ್ವ ಸೆರಗು ಕೊಡವಿ ಎದ್ದಳು. "ನಡಿ. ಓಗಿ ಇಡು. ಸತ್ತೋದ್ರೆ ನಾಳಿಂದ ಯಾರ್ನ ಬಯ್ಯನ ನಾನು?"

ಗಾಡಿ ಕಟ್ಟಿಸಿದೆ. ಅವ್ವ ಆಗಲೇ ಹತ್ತಿ ಕೂತು ಕರೆಯುತ್ತಿದ್ದಾಳೆ. ಕ್ಷಮಿಸಿಲ್ಲ, ಇಲ್ಲಿ ಬರೆದಿಡುತ್ತೇನೆ. ಮಣಿ ಇಡುತ್ತೇನೆ, ಏಳಿಸುತ್ತೇನೆ, ಕೊರಳಪಟ್ಟಿ ಹಿಡಿದು ಅದೇ ಚಾವಡಿಗೆ ಎಳೆದೊಯ್ದು, ಊರೆಲ್ಲರ ಮುಂದೆ, ನಾನು ಯಾರ ಮಗ ಅಂತ — ಇಲ್ಲ, ಮೊದಲು ಒಂದಿಷ್ಟು ನೀರು ಕುಡಿಸಿ, ನೆರಳಿಗೆ ಕೂರಿಸಿ, ಆಮೇಲೆ —