ಜೇಬಿನ ಅಳತೆಗೊಂದು ಕ್ಯಾಮೆರಾ

ಪ್ರೀತಿಯ ತಮ್ಮನಿಗೆ,

ನಿನ್ನ ಅಂಗಡಿಯಲ್ಲಿರುವ ಪುಟ್ಟ ಡಿಜಿಟಲ್ ಕ್ಯಾಮೆರಾಗಳಲ್ಲಿ ನನಗೊಂದನ್ನು ಆರಿಸಿ ಕಳಿಸು. ಜಾಕೆಟ್ಟಿನ ಎದೆಗೆ ಜೇಬು ಹೊಲಿದಾಗಿದೆ. ಅಗಲ ಐದು ಇಂಚು, ಆಳ ನಾಲ್ಕು. “ಎಲ್ರೂ ಕ್ಯಾಮೆರಾ ತಗೊಂಡು ಚೀಲ ಹುಡುಕ್ತಾರೆ, ನಮ್ಮ ಟೈಲರ್ ಸಾಹೇಬ್ರು ಜೇಬು ಹೊಲಿದು ಕ್ಯಾಮೆರಾ ಹುಡುಕ್ತಿದ್ದಾರೆ” ಎಂದು ನಿನ್ನ ಅತ್ತಿಗೆ ನಗುತ್ತಾಳೆ.

ಇಷ್ಟು ವರ್ಷ ಮಗಳು ನನ್ನ ಬೈಕಿನ ಹಿಂದೆ ಕೂತು ಫೋಟೊ ತೆಗೆಯುತ್ತಿದ್ದಳು. ಮಂಜಿನಲ್ಲಿ ತೇಲುವ ಸೇತುವೆಯಿರಲಿ, ಆಕಾಶವನ್ನೇ ತುಂಬಿಕೊಂಡ ಕೆರೆಯಿರಲಿ, ಎಲ್ಲದರ ಮೂಲೆಯಲ್ಲೂ ನನ್ನ ಎಡಭುಜ ಇದೆ. ಹೋದ ತಿಂಗಳು ಅವಳು ತನ್ನದೇ ಬೈಕ್ ಕೊಂಡಳು. ಕ್ಯಾಮೆರಾವೂ ಅವಳ ಕೊರಳಲ್ಲೇ ಹೋಯಿತು.

ಈಗಲೂ ಬೆಳಿಗ್ಗೆ ಜೊತೆಗೇ ಹೊರಡುತ್ತೇವೆ. ಅವಳು ಮುಂದೆ, ನಾನು ಹಿಂದೆ. ಎಳೆಬಿಸಿಲಲ್ಲಿ ಅವಳ ಕೆಂಪು ಹೆಲ್ಮೆಟ್ಟು ಅಂಗಿಯಿಂದ ಕಿತ್ತು ಉರುಳಿದ ಗುಂಡಿಯಂತೆ ಚಿಕ್ಕದಾಗುತ್ತಾ ಹೋಗುತ್ತದೆ. ನಾನು ಗಾಡಿ ನಿಲ್ಲಿಸಿ ಗ್ಲೌಸ್ ಕಳಚುವಷ್ಟರಲ್ಲಿ ತಿರುವು ದಾಟಿರುತ್ತಾಳೆ. ಹಾಗಾಗಿ ಗ್ಲೌಸ್ ಹಾಕಿಕೊಂಡೇ ಒತ್ತುವಂಥ ಬಟನ್ ಇರಲಿ.

ಮೊನ್ನೆ ಫೋನಿನಲ್ಲಿ “ಝೂಮ್ ಎಷ್ಟು ಬೇಕಣ್ಣಾ?” ಎಂದು ನೀನು ಕೇಳಿದಾಗ, ಬೇಡವೇ ಬೇಡ ಎಂದಿದ್ದೆ.

ಸ್ವಲ್ಪ ಜಾಸ್ತಿಯೇ ಇರಲಿ.

ನಿನ್ನ ಅಣ್ಣ