ಮಂಗಳವಾರದ ಚಪ್ಪಾಳೆ

ಜೂನ್ ೨, ಮಂಗಳವಾರ

ಇವತ್ತೂ ಸರ್ಕಲ್. ಲರ್ನಿಂಗ್ ಸರ್ಕಲ್ ಎಂದು ಕೊಯಮತ್ತೂರಿನ ಹೆಡ್ಡಾಫೀಸು ಇಟ್ಟ ಹೆಸರು. ಪ್ರತಿಯೊಬ್ಬರೂ ತಮ್ಮದೊಂದು ತಪ್ಪು, ಇಲ್ಲವೆ ಸ್ವಲ್ಪದರಲ್ಲಿ ತಪ್ಪಿದ ಒಂದು ಅಪಾಯ ಹೇಳಬೇಕು. ಬೈಗುಳ ಇಲ್ಲ. ಶಿಕ್ಷೆ ಇಲ್ಲ. ಹೇಳಿದವರಿಗೆ ಚಪ್ಪಾಳೆ. ನಡೆಸುವವನು ನಾನು.

ತಪ್ಪುಗಳು ಎಂದೋ ಮುಗಿದವು. ಹೆಡ್ಡಾಫೀಸಿಗೆ ಕಳಿಸುವ ಲೆಕ್ಕ ಮಾತ್ರ ಇಳಿಯಬಾರದು. ಹಿಂದಿನ ಸಂಜೆ ನಾನೇ ಕಥೆ ಕಟ್ಟಿ ಹಂಚುತ್ತೇನೆ — ನಿನಗೆ ಜಾರಿದ ಮೆಟ್ಟಿಲು, ನಿನಗೆ ಬಿಚ್ಚಿದ ಮೂಟೆ. ಬಾಯ್ಲರಿನ ಸುಧಾಕರನ್ ನಗುತ್ತಾನೆ: "ಹೋದ್ವಾರ ಜಾರಿದೀನಿ ಸಾರ್. ಈ ವಾರ ಬೇರೆ ಕೊಡಿ."

ಕೀಳ್ ಕೋತಗಿರಿಯ ನಮ್ಮ ಟೀ ಫ್ಯಾಕ್ಟರಿಗೆ ಕಲಿಕೆಯಲ್ಲಿ ಮೊದಲ ಸ್ಥಾನ. ಮ್ಯಾನೇಜರ್ ಗಿರಿಧರನ್ ಜಿಲೇಬಿ ತರಿಸಿದರು.

ಜೂನ್ ೯, ಮಂಗಳವಾರ

ಎಲೆ ಅರೆಯುವ ರೋಲರಿಗೆ ಸೊಪ್ಪು ನೂಕುವ ರಂಗಿ ಎದ್ದಳು. ಕೆಂಪು ಬಟನ್ ಒತ್ತಿದರೂ ಯಂತ್ರ ನಿಲ್ಲಲಿಲ್ಲವಂತೆ. ಸೆರಗು ಅದರ ಹಲ್ಲಿಗೆ ಸಿಕ್ಕಿತಂತೆ. ಹರಿದ ತುದಿ ಎತ್ತಿ ತೋರಿಸಿದಳು.

"ಸೂಪರ್ ಅಕ್ಕಾ! ಸೀರೆ ಬೇರೆ ತಂದಿದೀಯಲ್ಲ!" — ಗಿರಿಧರನ್. ಜೋರು ಚಪ್ಪಾಳೆ. ನಾನೂ ತಟ್ಟಿದೆ.

ಈ ಕಥೆ ನಾನು ಕೊಟ್ಟದ್ದಲ್ಲ. ಸುಧಾಕರನ್ ಹೇಳಿಕೊಟ್ಟಿರಬೇಕು. ನನಗಿಂತ ಚೆನ್ನಾಗಿ ಕಟ್ಟುತ್ತಾನೆ.

ಜೂನ್ ೧೦

ಕ್ಯಾಂಟೀನಿನಲ್ಲಿ ರಂಗಿ ಸಿಕ್ಕಳು. ನನ್ನಂತೆ ಚಾಮರಾಜನಗರದ ಕಡೆಯವಳು. ಬಟನ್ ಕಥೆ ಯಾರು ಹೇಳಿಕೊಟ್ಟರು ಎಂದೆ.

"ಕತೆಯಾ?" ಲೋಟ ಕೆಳಗಿಟ್ಟಳು. "ಅದ್ಕೇಯಾ ಎಲ್ಲಾ ಚಪ್ಪಾಳೆ ತಟ್ಟುದ್ದು? ಕೈಯೇ ಹೋಗದ್ರಲ್ಲಿತ್ತು ಸಾ."

ಹೋಗಿ ಆ ಬಟನ್ ಒತ್ತಿ ನೋಡಿದೆ. ನಿಂತಿತು. ಉಸಿರು ಬಂತು. ಮತ್ತೆ ಓಡಿಸಿ ಒತ್ತಿದೆ.

ನಿಲ್ಲಲಿಲ್ಲ.

ಜೂನ್ ೧೧

ಗಿರಿಧರನ್‌ಗೆ ಹೇಳಿದೆ. ಅವರು: "ಅಣ್ಣಾ, ಲೀಫ್ ರಾಶಿ ಬಿದ್ದಿದೆ. ಈಗ ನಿಲ್ಸಿದ್ರೆ ಅಷ್ಟೂ ಹಾಳು. ಮೆಕ್ಯಾನಿಕ್ ಬುಧವಾರ ಬರ್ತಾನೆ." ಆಮೇಲೆ ಮೆಲ್ಲಗೆ: "ಹೆಡ್ಡಾಫೀಸಿಗೆ ರಿಪೋರ್ಟ್ ಮಾಡಿದ್ರೆ, 'ಇದು ನಿಜ, ಹಾಗಾದ್ರೆ ಮಿಕ್ಕಿದ್ದು?' ಅಂತ ಕೇಳ್ತಾರೆ. ಕಟ್ಟಿದವರು ಯಾರು?"

ನಾನು. ವಾಪಸು ಬಂದೆ. ಬಟನ್ ಬಿಟ್ಟರೆ ರೋಲರ್ ನಿಲ್ಲಿಸುವುದು ಮೇನ್ ಸ್ವಿಚ್; ಆ ಕೋಣೆಗೆ ಬೀಗ. ಬೀಗದಕೈ ಅವರ ಜೇಬಿನಲ್ಲಿ.

ಜೂನ್ ೧೫

ನಡುವೆ ಬರೆಯಲಾಗಲಿಲ್ಲ. ಕೈಗಳನ್ನು ನೋಡುತ್ತಿದ್ದೆ. ಲೋಟ ಹಿಡಿದ ಕೈ, ತಲೆ ಕೆರೆಯುವ ಕೈ. ಎಲ್ಲರ ಬೆರಳೂ ತೆಳ್ಳಗೆ ಕಾಣುತ್ತವೆ.

ರಂಗಿಯನ್ನು ಜರಡಿ ವಿಭಾಗಕ್ಕೆ ಹಾಕಿಸಿದೆ. ಹಗುರವೆನಿಸಿತು — ಮಧ್ಯಾಹ್ನದವರೆಗೆ. ರೋಲರಿನ ಮುಂದೆ ಮಲರ್‌ಕೊಡಿ ನಿಂತಿದ್ದಳು. ಪಂದಲೂರಿನಿಂದ ಹೊಸದಾಗಿ ಬಂದವಳು.

ರಂಗಿ ಹತ್ತಿರ ಬಂದು ಅಂದಳು: "ನನ್ನ ಎತ್ಬುಟ್ರಿ. ಆ ಜಾಗನ ಎತ್ತುದ್ರಾ?"

ಜೂನ್ ೧೬, ಮಂಗಳವಾರ

ಹೇಳಿಬಿಟ್ಟೆ. ಸರ್ಕಲಿನಲ್ಲಿ ಎದ್ದು ನಿಂತು. "ಬಟನ್ ಕೆಟ್ಟಿರೋದು ನಿಜ. ನೀವು ಹೇಳ್ತಾ ಬಂದ ಮಿಕ್ಕಿದ್ದೆಲ್ಲ ನಾನು ಕಟ್ಟಿದ ಸುಳ್ಳು."

ಸುಧಾಕರನ್ ನಕ್ಕು: "ಎಲ್ಲಾ ಕಥೆಗಿಂತ ಇದೇ ಚೆನ್ನಾಗಿದೆ ಸಾರ್!"

ಚಪ್ಪಾಳೆ. ರಂಗಿಯೊಬ್ಬಳು ಕೈ ಕಟ್ಟಿಕೊಂಡು ಕೂತಿದ್ದಳು.

ಗಿರಿಧರನ್ ಹತ್ತಿರ ಸ್ವಿಚ್ ಕೋಣೆಯ ಬೀಗದಕೈ ಕೇಳಿದೆ. "ನಾಳೆ ಮೆಕ್ಯಾನಿಕ್ ಬರ್ತಾನಲ್ಲ ಅಣ್ಣಾ. ಈ ಲೋಡ್ ಮುಗೀಲಿ." ಬೆನ್ನು ತಟ್ಟಿ ಹೋದರು.

ಮೇಜಿಗೆ ಬಂದು ಬರೆಯುತ್ತಿದ್ದೇನೆ. ಗೋಡೆಯಾಚೆ ರೋಲರಿನ ಸದ್ದು. ಬೀಗ ಒಡೆಯಬಹುದು. ಬಾಯ್ಲರ್ ಬಳಿ ಸಲಾಕೆ ಇದೆ. ಹೋಗುತ್ತೇನೆ. ಇದೊಂದು ಸಾಲು ಮುಗಿಸಿ...

ಮಲರ್‌ಕೊಡಿಯ ಕೂಗು. ರೋಲರ್ ಇನ್ನೂ ತಿರುಗುತ್ತಲೇ