ಸೂಜಿಗೆ ನೂಲು ಯಾವ ಕಡೆಯಿಂದ

ಸುಮಿತ್ರಕ್ಕ,

ನೀವು ಹೋಗಿ ತಿಂಗಳ ಮೇಲಾಯಿತು. ನಿಮ್ಮ ಮೇಲಿನ ಸಿಟ್ಟು ಮಾತ್ರ ನನಗೆ ಇಳಿದಿಲ್ಲ. ಜ್ವರ ಅಂತ ಹೊಲಿಗೆ ಕ್ಲಾಸಿಗೆ ಎರಡು ದಿನ ರಜೆ ಕೊಟ್ಟಿರಿ. ಮೂರನೇ ದಿನ ಕೀಲಿಕೈ ಕೇಳೋಣ ಅಂತ ನಿಮ್ಮ ಮನೆಗೆ ಬಂದರೆ, ಅಂಗಳದ ತುಂಬ ಜನ... ಇರಲಿ. ಅಳುವುದಕ್ಕೆ ಕೂತು ಬರೆಯುತ್ತಿಲ್ಲ. ಕೊನೆಯ ಸಲ ಕಂಡ ದಿನ ನಿಮಗೊಂದು ಮಾತು ಹೇಳಿದ್ದೆನಲ್ಲ, ಅದು ತಪ್ಪು. ಅದನ್ನು ಸರಿಮಾಡಬೇಕು.

ನಮ್ಮ ಕೊಪ್ಪದ ಹತ್ತಿರದ ನಾರ್ವೆ ಊರಿನ ಹೆಂಗಸರ ಸಂಘಕ್ಕೆ ಆರು ಹೊಲಿಗೆ ಮಿಷನ್ ಬಂದ ದಿನ ನೆನಪಿದೆಯಾ? ಆರೂ ಒಂದೇ ಕಂಪನಿಯವು, ಆರೂ ಕಪ್ಪು. ಒಳಗೆ ಮಾತ್ರ ಮೂರು ನಮೂನೆ. ಒಂದಕ್ಕೆ ಸೂಜಿಗೆ ನೂಲನ್ನು ಬಲದಿಂದ ಎಡಕ್ಕೆ ಪೋಣಿಸಬೇಕು, ಇನ್ನೊಂದಕ್ಕೆ ಎಡದಿಂದ ಬಲಕ್ಕೆ, ಮತ್ತೊಂದಕ್ಕೆ ಮುಂದಿನಿಂದ ಹಿಂದಕ್ಕೆ. ತಿರುಗುಮುರುಗಾದರೆ ಹೊಲಿಗೆ ಕೂರುವುದಿಲ್ಲ, ನೂಲು ತುಂಡಾಗುತ್ತದೆ. ಕಂಪನಿಯವರು ಮೂರಕ್ಕೂ ಸೇರಿಸಿ ಕೊಟ್ಟದ್ದು ಒಂದೇ ಇಂಗ್ಲಿಷ್ ಪುಸ್ತಕ. "ಇದು ಈ ಮಾಡೆಲ್ಲಿಗೆ ಮಾತ್ರ" ಅನ್ನುವುದನ್ನು ಪುಟದ ಬುಡದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಹಾಕಿದ್ದರು.

"ಇದನ್ನ ಬರ್ದವನನ್ನ ನಾರ್ವೆಗೆ ಕರ್ಸಿ, ಒಂದು ಲಂಗ ಹೊಲಿ ಅಂತ ಕೂರಿಸ್ಬೇಕು" ಅಂದೆ ನಾನು.

"ಅವ್ನು ಬಂದ್ರೆ ಊಟ ಹಾಕೋದ್ಯಾರು ಮಾರಾಯ್ತಿ? ಕತ್ರಿ ಕೊಡು ಇಲ್ಲಿ" ಅಂದಿರಿ ನೀವು.

ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮಾಡಿಸಿ, ಚಿತ್ರಗಳನ್ನು ಕತ್ತರಿಸಿ, ಮಾಡೆಲ್ ನೋಡಿ ಬೇರೆ ಬೇರೆ ಅಂಟಿಸಿದಿರಿ. ಕನ್ನಡದಲ್ಲಿ ನೀವೇ ಬರೆದಿರಿ. ಒಂದು ಮಿಷನ್ನಿಗೆ ಒಂದು ಪುಸ್ತಕ, ಬೇರೆಯದರ ಸುದ್ದಿ ಅದರಲ್ಲಿ ಒಂದು ಅಕ್ಷರವೂ ಇರಕೂಡದು, ಅದು ನಿಮ್ಮ ಹಠ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಪುಸ್ತಕ ಕಂಡರೆ ಮೈ ಉರಿಯುತ್ತಿತ್ತು. ಆದರೂ ಒಂದೊಂದು ಸಾಲನ್ನೂ ನನ್ನ ಕೈಲೇ ಓದಿಸಿದಿರಿ. "ನಿಂಗೆ ತಿಳಿದ್ರೆ ಊರಿಗೇ ತಿಳೀತದೆ" ಅಂತ ಹಂಗಿಸುವುದು ಬೇರೆ! ಆಯುಧಪೂಜೆಗೆ ಎರಡು ದಿನ ಇದೆ ಅನ್ನುವಾಗ ಆರೂ ಪುಸ್ತಕ ಮುಗಿಯಿತು. ನಾವಿಬ್ಬರೂ ನಾರ್ವೆಗೆ ಹೋಗಿ, ಮನೆಮನೆಯಲ್ಲಿ ಮಿಷನ್ನಿನ ಮೇಲಿದ್ದ ಮಾಡೆಲ್ ನಂಬರ್ ನೋಡಿ, ಅದರದ್ದೇ ಪುಸ್ತಕವನ್ನು ಅದರ ಸ್ಟ್ಯಾಂಡಿನ ಡ್ರಾಯರಿನಲ್ಲಿಟ್ಟು ಬಂದೆವು. ಪೂಜೆ ಆಗದೆ ಹೊಸ ಮಿಷನ್ ತುಳಿಯುವುದಿಲ್ಲ ಅಂತ ಹೆಂಗಸರು ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಪೂಜೆ ಆಗಿ ವಾರಕ್ಕೆ ಸಂಘದ ಗಿರಿಜ ನಾರ್ವೆಯಿಂದ ಬಂದಳು. ತೋಟದ ಕೆಲಸ ಬಿಟ್ಟು, ಚೂರು ಬಟ್ಟೆ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದಳು.

"ಪುಸ್ತಕದಲ್ಲಿ ಇದ್ದಾಂಗೇ ಮಾಡ್ದೆ ಅಕ್ಕ. ಹೊಲಿಗೆ ಕೂರದೇ ಇಲ್ಲ. ನನ್ ಕೈಯೇ ಇದಕ್ಕೆ ಆಗಿದ್ದಲ್ಲ ಕಾಣ್ತದೆ."

ಉಳಿದ ಐವರದ್ದೂ ಅದೇ ಕಥೆ ಅಂದಳು. ಸಂಘ ನೋಡಿಕೊಳ್ಳುವ ಮೇಡಂ ಆಗಲೇ ಹೇಳಿ ಹೋಗಿದ್ದರಂತೆ, ಮುಂದಿನ ಸಲ ಬರುವಾಗ ಯಾರಿಗೆ ಹೊಲಿಯಲು ಬರುವುದಿಲ್ಲವೋ ಅವರ ಮಿಷನ್ ನರಸಿಂಹರಾಜಪುರದ ಸಂಘಕ್ಕೆ ಅಂತ. ನನಗೆ ತಡೆಯಲಾಗಲಿಲ್ಲ. "ನಿಮ್ಮ ಪುಸ್ತಕಾನೇ ತಪ್ಪು. ನೀವು ತಪ್ಪು ಬರ್ದು ಅವ್ರ ಮಿಷನ್ ಕಳೀತಿದೀರಿ" ಅಂತ ಗಿರಿಜಳ ಎದುರೇ ಕೂಗಿದೆ. ನೀವು ತಿರುಗಿ ಬೈಯಲಿಲ್ಲ. ಶನಿವಾರ ನಾರ್ವೆಗೆ ಹೋಗಿ ನೋಡೋಣ ಅಂದಿರಿ. ಕನ್ನಡಕ ಹಾಕಿಕೊಂಡು, ಇಟ್ಟುಕೊಂಡಿದ್ದ ಪ್ರತಿಯನ್ನು ಮೊದಲ ಸಾಲಿನಿಂದ ಓದುತ್ತ ಕೂತಿರಿ. ನಾನು ಚಪ್ಪಲಿ ಮೆಟ್ಟಿ ಹೊರಟೆ. ಒಂದು ಏಟಾದರೂ ಹೊಡೆಯಬಾರದಿತ್ತಾ ಅಕ್ಕ? ಆ ಶನಿವಾರ ಬರುವ ಮೊದಲೇ ನೀವು...

ನಿಮ್ಮ ಹನ್ನೊಂದನೇ ದಿನದ ಊಟ ಮುಗಿದ ಮಾರನೇ ದಿನ ನಾನೊಬ್ಬಳೇ ನಾರ್ವೆಗೆ ಹೋದೆ. ಗಿರಿಜಳ ಡ್ರಾಯರಿನಲ್ಲಿದ್ದ ಪುಸ್ತಕ ತೆಗೆದೆ. ಬಲದಿಂದ ಎಡಕ್ಕೆ ಅಂತ ಬರೆದಿದ್ದಿರಿ. ಮಿಷನ್ ನೋಡಿದೆ. ಸೂಜಿಯ ನೆತ್ತಿಯಲ್ಲಿ ನೂಲು ಹಾಯುವ ಕೊನೆಯ ಕೊಕ್ಕೆ ಎಡಕ್ಕಿತ್ತು. ಕೊಕ್ಕೆ ಯಾವ ಕಡೆಗೋ ಆ ಕಡೆಯಿಂದಲೇ ನೂಲು ಅಂತ ನನಗೆ ಕಲಿಸಿದವರೇ ನೀವು. ಹಾಗಾದರೆ ಇಷ್ಟು ದೊಡ್ಡ ತಪ್ಪು ಹೇಗೆ ಬರೆದಿರಿ? ಬಗ್ಗಿ ನೋಡಿದರೆ ಮೇಲಿನ ಮಿಷನ್ನಿನ ಹೆಡ್ಡನ್ನು ಕೆಳಗಿನ ಸ್ಟ್ಯಾಂಡಿಗೆ ಹಿಡಿಸಿದ ಸ್ಕ್ರೂ ಮೇಲೆ ಹೊಸ ಗೀರು.

"ಇದನ್ನ ಬಿಚ್ಚಿದ್ಯಾರೇ?"

"ಪೂಜೆಗೆ ಬಿಚ್ಚಿದ್ದು. ಸ್ಟ್ಯಾಂಡ್ ಹೊತ್ಕಂಡು ಗುಡ್ಡ ಹತ್ತಕಾಗ್ತದಾ? ಹೆಡ್ ಅಷ್ಟೇ ಗೋಣಿಯಲ್ಲಿ ಹಾಕ್ಕಂಡು ಸಂಘದ ಮನೆಗೆ ಒಯ್ದ್ವಿ. ಆರೂ ಸಾಲಾಗಿಟ್ಟು ಪೂಜೆ ಮಾಡ್ದ್ವಿ."

"ವಾಪಸ್ ಬರೋವಾಗ ನಿಂದೇ ತಂದ್ಯಾ?"

"ನಂದು ಯಾವ್ದು ಅಂತ ಹಣೇಲಿ ಬರ್ದಿರ್ತದಾ? ಎಲ್ಲಾ ಕಪ್ಪು. ನಂಬರ್ ಮೇಲೆ ಗಂಧ ಕುಂಕುಮ ಬೇರೆ. ಕೈಗೆ ಸಿಕ್ಕಿದ್ದು ತಂದೆ."

ಅಕ್ಕ, ನಿಮ್ಮ ಪುಸ್ತಕದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹೆಡ್ಡುಗಳು ಅದಲುಬದಲಾಗಿದ್ದವು. ಆ ಹೆಂಗಸರು ಬೇರೆ ಮಿಷನ್ನಿನ ಪುಸ್ತಕವನ್ನು ಶ್ರದ್ಧೆಯಿಂದ ಓದಿ, ತಮ್ಮ ಕೈಯನ್ನೇ ಬೈದುಕೊಳ್ಳುತ್ತಿದ್ದರು. ನೀವು ಇಲ್ಲದ ತಪ್ಪು ಹುಡುಕುತ್ತ ಕೂತಿರಿ. ಅಲ್ಲೇ ನೆಲಕ್ಕೆ ಕೂತು ನಕ್ಕೆ. ಆಮೇಲೆ ನಗು ಏನೇನೋ ಆಯಿತು. ಗಿರಿಜ ಗಾಬರಿಯಾಗಿ ಚಹಾ ಕಾಸಿದಳು.

ಹೆಡ್ಡುಗಳನ್ನು ಮೊದಲಿನ ಹಾಗೆ ಕೂರಿಸಿ ಕೈತೊಳೆದುಕೊಳ್ಳಬಹುದಿತ್ತು. ಬರುವ ವರ್ಷ ಪೂಜೆ ಬರುವುದಿಲ್ಲವಾ? ಅದಕ್ಕೇ ನಿಮ್ಮ ಆರೂ ಪುಸ್ತಕ ಬಿಚ್ಚಿದೆ. ಹೌದು, ಬಿಚ್ಚಿದೆ. ಎಣ್ಣೆ ಬಿಡುವುದು, ಧೂಳು ತೆಗೆಯುವುದು, ಬೆಲ್ಟ್ ಹಾಕುವುದು ಮೂರು ನಮೂನೆಗೂ ಒಂದೇ. ಅದನ್ನು ಒಂದೇ ಸಲ ಇಟ್ಟೆ. ಬೇರೆ ಬೇರೆ ಇರುವುದನ್ನು ಮಾತ್ರ ಮೂರು ಕಟ್ಟು ಮಾಡಿ, ಅಂಚಿಗೆ ಕೆಂಪು, ಹಸಿರು, ಹಳದಿ ನೂಲು ಹೊಲಿದೆ. ಮಾಡೆಲ್ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಮೊದಲ ಪುಟದಲ್ಲಿ ಒಂದೇ ಪ್ರಶ್ನೆ: ಸೂಜಿಯ ಮೇಲಿನ ಕೊನೆಯ ಕೊಕ್ಕೆ ಯಾವ ಕಡೆಗಿದೆ ನೋಡಿ. ಬಲಕ್ಕಿದ್ದರೆ ಕೆಂಪು, ಎಡಕ್ಕಿದ್ದರೆ ಹಸಿರು, ಮುಂದಿದ್ದರೆ ಹಳದಿ. ಅದನ್ನೇ ಜೆರಾಕ್ಸ್ ಮಾಡಿಸಿ ಹಂಚಿದೆ, ಈಗ ಆರು ಮನೆಯಲ್ಲೂ ಒಂದೇ ಥರದ ಪುಸ್ತಕ. ಯಾರ ಹೆಡ್ ಯಾರ ಮನೆಗೆ ಹೋದರೂ ಚಿಂತೆಯಿಲ್ಲ. ನಿಮ್ಮ ವಾಕ್ಯ ಒಂದನ್ನೂ ತಿದ್ದಿಲ್ಲ. ಜಾಗ ಮಾತ್ರ ಬದಲಿಸಿದ್ದೇನೆ. ನೀವಿದ್ದಿದ್ದರೆ ಜಗಳ ಆಗುತ್ತಿತ್ತು. ಆಗಲಿ ಅಂತಲೇ ನನ್ನ ಆಸೆ.

ಮೊನ್ನೆ ಶುಕ್ರವಾರ ಮೇಡಂ ಬಂದರು. ಗಿರಿಜ ಪುಸ್ತಕದ ಹಸಿರು ಕಟ್ಟು ತೆರೆದಿಟ್ಟುಕೊಂಡು, ಎಡದಿಂದ ನೂಲು ಪೋಣಿಸಿ, ಒಂದು ದಿಂಬಿನ ಚೀಲ ಹೊಲಿದಳು. ಮೇಡಂ ಹೊಲಿಗೆಯನ್ನು ಎರಡೂ ಕಡೆ ಎಳೆದು ನೋಡಿದರು. ಒಂದು ಎಳೆಯೂ ಬಿಡಲಿಲ್ಲ. ಆರು ಮನೆಯಲ್ಲೂ ನೋಡಿದರು. ಒಂದು ಮಿಷನ್ನೂ ನಾರ್ವೆ ಬಿಟ್ಟು ಹೋಗಲಿಲ್ಲ ಅಕ್ಕ.

"ಪುಸ್ತಕ ಯಾರು ಬರ್ದಿದ್ದು?" ಅಂತ ಕೇಳಿದರು.

"ಕೊಪ್ಪದ ಸುಮಿತ್ರಕ್ಕ" ಅಂದೆ.

"ಶೃಂಗೇರಿ ಸಂಘಕ್ಕೂ ಬೇಕಲ್ಲ. ಅಲ್ಲಿಗೆ ಬಂದಿರೋದು ಬೇರೆ ನಮೂನೆ, ಅಡಿನೂಲಿನ ಬಾಬಿನ್ ಮೇಲಿಂದ ಹಾಕೋದು. ಅವ್ರನ್ನೇ ಕಳಿಸ್ತೀಯಾ?"

ಗಿರಿಜ ನನ್ನ ಮುಖ ನೋಡಿದಳು. ನಾನು ಬರ್ತೀನಿ ಅಂದೆ.

ಆ ನಮೂನೆಯ ಬಗ್ಗೆ ನೀವು ಒಂದು ಸಾಲೂ ಬರೆದಿಟ್ಟಿಲ್ಲ. ನೋಡಿ ಬರೆದುಕೊಳ್ಳಲು ನಿಮ್ಮದೇನೂ ಇಲ್ಲ. ಸೋಮವಾರ ಬೆಳಿಗ್ಗೆ ಶೃಂಗೇರಿ ಬಸ್ಸು ಹತ್ತುತ್ತೇನೆ. ಮಿಷನ್ ಮುಂದೆ ಕೂತು ಮೊದಲ ಸಾಲಿನಿಂದ ನಾನೇ ಬರೆಯುತ್ತೇನೆ.

ನಿಮ್ಮ
ಪ್ರೇಮ